6 ಜನ, 8 ಊರು, 12 ರಾತ್ರಿ: ಇಟಲಿಯಲ್ಲಿ ಓಡಾಡುವುದು ಹೇಗೆ?

ಪ್ರಶ್ನೆ: ಮೇ ಕೊನೆಯಲ್ಲಿ ಇಟಲಿಗೆ ಹೊರಟಿದ್ದೇವೆ. ನಾನು, ಹೆಂಡತಿ, 11 ಮತ್ತು 5 ವರ್ಷದ ಮಕ್ಕಳು, ಜೊತೆಗೆ ಅಪ್ಪ ಅಮ್ಮ. ಅಮ್ಮನಿಗೆ ಮಂಡಿನೋವು. 12 ರಾತ್ರಿ ಇದೆ. ಮಿಲಾನ್, ವೆನಿಸ್, ಫ್ಲಾರೆನ್ಸ್, ಪೀಸಾ, ಚಿಂಕ್ವೆ ತೆರ್ರೆ, ರೋಮ್, ನೇಪಲ್ಸ್, ಅಮಾಲ್ಫಿ ನೋಡುವ ಆಸೆ. ದೊಡ್ಡ ಕಾರು ಬಾಡಿಗೆಗೆ ತಗೋ, ಲಗೇಜಿನ ತಲೆನೋವು ಇರಲ್ಲ ಅಂತಾರೆ ನಮ್ಮ ಭಾವ. ಟೂರ್ ಏಜೆಂಟ್ ರೈಲ್ ಪಾಸ್ ಮಾಡಿಸಿ ಅಂತಾರೆ. ಯಾವುದು ಸರಿ?
— ಓದುಗರು, ಮೈಸೂರು

ಉತ್ತರ: ಕಾರೋ ರೈಲೋ ಅನ್ನುವುದಕ್ಕೆ ಮೊದಲು ಪಟ್ಟಿ ನೋಡೋಣ. 12 ರಾತ್ರಿಗೆ 8 ಊರು ತುಂಬಾ ಜಾಸ್ತಿ ಆಯಿತು. ರೈಲಿನ ಪ್ರಯಾಣ 2 ಗಂಟೆಯದೇ ಇರಬಹುದು, ಆದರೆ ಬೆಳಿಗ್ಗೆ ಎದ್ದು ಆರು ಜನರ ಬಟ್ಟೆ ತುಂಬಿ, ಬಾತ್‌ರೂಮಿನಲ್ಲಿ ಒಣಗಲು ಹಾಕಿದ ಬನಿಯನ್ ಹುಡುಕಿ, ತಿಂಡಿ ಮುಗಿಸಿ, ಸ್ಟೇಷನ್ ಸೇರಿ, ಹೊಸ ಊರಿಗೆ ಹೋದರೆ ಅಲ್ಲಿ ರೂಮು ಸಿಗುವುದು ಮಧ್ಯಾಹ್ನದ ಮೇಲೆ. ಒಂದು ಸಲ ಊರು ಬದಲಿಸಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ ಹಾಕಿ. ನಿಮ್ಮ ಪಟ್ಟಿ ಹಿಡಿದು ಹೊರಟರೆ ರಜೆಯ ಮೂರು ನಾಲ್ಕು ದಿನ ಸೂಟ್‌ಕೇಸಿಗೇ ಹೋಗುತ್ತದೆ.

ನಾನಾಗಿದ್ದರೆ ಮೂರೇ ಊರಲ್ಲಿ ಉಳಿಯುತ್ತಿದ್ದೆ. ವೆನಿಸ್ 3 ರಾತ್ರಿ, ಫ್ಲಾರೆನ್ಸ್ 4, ರೋಮ್ 5. ವಿಮಾನದ ಟಿಕೆಟ್ ವೆನಿಸ್‌ಗೆ ಇಳಿದು ರೋಮ್‌ನಿಂದ ಹತ್ತುವ ಹಾಗೆ ಮಾಡಿಸಿ. ದುಬೈ, ದೋಹಾ ಮೂಲಕ ಹೋಗುವ ವಿಮಾನಗಳಲ್ಲಿ ಇದು ಸಾಧ್ಯ, ಬುಕ್ ಮಾಡುವಾಗ ಮಲ್ಟಿ ಸಿಟಿ ಅಂತ ಒತ್ತಿದರಾಯಿತು. ಬಂದ ದಾರಿಯಲ್ಲೇ ವಾಪಸ್ ಓಡುವುದು ತಪ್ಪುತ್ತದೆ.

ಪೀಸಾಕ್ಕೆ ಫ್ಲಾರೆನ್ಸ್‌ನಿಂದ ಸಾದಾ ರೈಲಿನಲ್ಲಿ ಸುಮಾರು 1 ಗಂಟೆ, ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಬಂದುಬಿಡಬಹುದು. ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು 1 ಗಂಟೆ 10 ನಿಮಿಷ. ಅಲ್ಲಿಂದ ಚಿರ್ಕುಮ್‌ವೆಸುವಿಯಾನಾ ಅನ್ನುವ ಲೋಕಲ್ ರೈಲು ಹತ್ತಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪೊಂಪೇಯಿ ಊರಿನ ಅವಶೇಷಗಳ ಮುಂದೆಯೇ ಇಳಿಯಬಹುದು. ಆ ಲೋಕಲ್‌ನಲ್ಲಿ ನೂಕುನುಗ್ಗಲು ಇರುತ್ತದೆ, ಪರ್ಸು ಮುಂದಿನ ಜೇಬಿನಲ್ಲಿರಲಿ.

ಮಿಲಾನ್ ಮತ್ತು ಚಿಂಕ್ವೆ ತೆರ್ರೆ ಈ ಸಲ ಬಿಡಿ. ಅಮಾಲ್ಫಿ ಬಿಡಿ ಅನ್ನಲು ನನಗೂ ಮನಸ್ಸಾಗುತ್ತಿಲ್ಲ, ಅಷ್ಟು ಚೆಂದದ ಕರಾವಳಿ ಅದು. ಆದರೆ ರಸ್ತೆ ಬರೀ ತಿರುವು, ಬಸ್ಸಿನಲ್ಲಿ ಎಷ್ಟೋ ಸಲ ನಿಂತೇ ಹೋಗಬೇಕು, ಊರೊಳಗೆಲ್ಲ ಮೆಟ್ಟಿಲು. ಹೋಗಲೇಬೇಕು ಅಂತಿದ್ದರೆ ರೈಲಿನಲ್ಲಿ ಸಲೆರ್ನೊಗೆ ಹೋಗಿ. ಬೇಸಿಗೆಯಲ್ಲಿ ಅಲ್ಲಿಂದ ದೋಣಿ ಇರುತ್ತದೆ, ಅಮ್ಮನಿಗೆ ಬಸ್ಸಿಗಿಂತ ಅದೇ ವಾಸಿ.

ಇನ್ನು ಕಾರು. ಭಾವನವರ ಮಾತು ಇಲ್ಲಿ ಒಪ್ಪುವಂಥದ್ದಲ್ಲ. ನಿಮ್ಮ ಮೂರು ಊರಿನಲ್ಲಿ ಒಂದರಲ್ಲೂ ಕಾರು ಉಪಯೋಗಕ್ಕೆ ಬರಲ್ಲ. ವೆನಿಸ್‌ನ ಊರೊಳಗೆ ರಸ್ತೆಯೇ ಇಲ್ಲ, ಬಾಗಿಲಲ್ಲೇ ಕಾರು ನಿಲ್ಲಿಸಿ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಫ್ಲಾರೆನ್ಸ್, ರೋಮ್‌ನ ಹಳೇ ಊರಿನ ಭಾಗಕ್ಕೆ ಹೊರಗಿನ ಗಾಡಿಗಳನ್ನು ಬಿಡುವುದಿಲ್ಲ. ಈ ನಿರ್ಬಂಧಿತ ಪ್ರದೇಶಕ್ಕೆ ಝಡ್‌ಟಿಎಲ್ ಅಂತಾರೆ. ಗೇಟು, ಪೊಲೀಸ್ ಏನೂ ಇರಲ್ಲ, ಕ್ಯಾಮೆರಾ ಇರುತ್ತದೆ. ದಾಟಿದ್ದು ನಿಮಗೆ ಗೊತ್ತೂ ಆಗಲ್ಲ, ತಿಂಗಳುಗಳು ಕಳೆದ ಮೇಲೆ ಮೈಸೂರಿನ ಮನೆಗೆ ದಂಡದ ಚೀಟಿ ಬರುತ್ತದೆ, ಅದರ ಮೇಲೆ ಬಾಡಿಗೆ ಕಂಪನಿ ತನ್ನ ಶುಲ್ಕವನ್ನೂ ಸೇರಿಸುತ್ತದೆ. ಮೂರು ಸಲ ದಾಟಿದರೆ ಮೂರು ದಂಡ.

ಇನ್ನೊಂದು ವಿಷಯ. ಇನ್ನೋವಾದಲ್ಲಿ ಹಿಂದಿನ ಸೀಟು ಹಾಕಿದರೆ ಡಿಕ್ಕಿಯಲ್ಲಿ ಎಷ್ಟು ಜಾಗ ಉಳಿಯುತ್ತದೆ ನೆನಪಿಸಿಕೊಳ್ಳಿ. ಅಲ್ಲಿನ ಏಳು ಸೀಟಿನ ಕಾರುಗಳೂ ಅಷ್ಟೇ. ಆರು ಜನ ಕೂತ ಮೇಲೆ ಆರು ಸೂಟ್‌ಕೇಸ್ ಎಲ್ಲಿಡುತ್ತೀರಿ? 150 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ ಬೇರೆ.

ಹಾಗಾಗಿ ರೈಲು. ರೋಮ್ ಮತ್ತು ಫ್ಲಾರೆನ್ಸ್ ನಡುವೆ ಸುಮಾರು ಬೆಂಗಳೂರು–ಶಿವಮೊಗ್ಗದಷ್ಟು ದೂರ, ವೇಗದ ರೈಲಿಗೆ ಒಂದೂವರೆ ಗಂಟೆ ಸಾಕು. ವೆನಿಸ್‌ನಿಂದ ಫ್ಲಾರೆನ್ಸ್‌ಗೆ 2 ಗಂಟೆ ಚಿಲ್ಲರೆ. ಒಂದೇ ಹಳಿಯ ಮೇಲೆ ಎರಡು ಕಂಪನಿ ಓಡಿಸುತ್ತವೆ, ಟ್ರೆನಿಟಾಲಿಯಾ ಮತ್ತು ಖಾಸಗಿಯ ಇಟಾಲೊ. ಎರಡರ ದರವನ್ನೂ ನೋಡಿಯೇ ಕೊಳ್ಳಿ. ವಿಮಾನದ ಟಿಕೆಟ್ ಹಾಗೆ ಮೊದಲು ಕೊಂಡವರಿಗೆ ಕಡಿಮೆ, ದಿನ ಹತ್ತಿರ ಬಂದ ಹಾಗೆ ಏರುತ್ತದೆ. ಪಾಸ್ ಬೇಡ. ಪಾಸ್ ಇದ್ದರೂ ವೇಗದ ರೈಲಿಗೆ ಸೀಟು ಕಾದಿರಿಸಲು ಪ್ರತಿ ಸಲ ಬೇರೆ ದುಡ್ಡು ಕೊಡಬೇಕು. ನಿಮಗಿರುವುದು ಎರಡು ಉದ್ದದ ಪ್ರಯಾಣ, ಜೊತೆಗೆ ನೇಪಲ್ಸ್‌ಗೆ ಹೋಗಿ ಬರುವುದು, ಅಷ್ಟೇ ಅಲ್ವಾ.

ಟ್ರೆನಿಟಾಲಿಯಾದಲ್ಲಿ ಬಿಂಬಿ ಗ್ರಾಟಿಸ್ ಅಂತ ಒಂದು ಆಫರ್ ಇದೆ. 2ರಿಂದ 5 ಜನರ ಗುಂಪಿನಲ್ಲಿ ಒಬ್ಬರಾದರೂ ದೊಡ್ಡವರಿದ್ದರೆ 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ನೀವು 6 ಜನ. ಒಂದೇ ಬುಕಿಂಗ್‌ನಲ್ಲಿ ಎಲ್ಲರನ್ನೂ ಸೇರಿಸಿದರೆ ಇದು ಸಿಗಲ್ಲ. ನೀವು, ಹೆಂಡತಿ, ಮಕ್ಕಳದ್ದು ಒಂದು ಬುಕಿಂಗ್, ಅಪ್ಪ ಅಮ್ಮನದ್ದು ಇನ್ನೊಂದು ಮಾಡಿ, ಸೀಟು ಮಾತ್ರ ಒಂದೇ ಬೋಗಿಯಲ್ಲಿ ಆರಿಸಿಕೊಳ್ಳಿ. ಈ ದರದ ಸೀಟುಗಳು ಸೀಮಿತ, ಬೇಗ ನೋಡಿ.

ವೆನಿಸ್‌ಗೆ ಎರಡು ಸ್ಟೇಷನ್ ಇವೆ. ಮೆಸ್ತ್ರೆ ಇರುವುದು ನೆಲದ ಕಡೆ, ಸಾಂತಾ ಲೂಚಿಯಾ ಇರುವುದು ನೀರಿನ ಊರಿನಲ್ಲಿ. ಫ್ಲಾರೆನ್ಸ್ ರೈಲು ಹತ್ತುವುದು ಸಾಂತಾ ಲೂಚಿಯಾದಲ್ಲಿ ಇರಲಿ. ಸ್ಟೇಷನ್ನಿನ ಮೆಟ್ಟಿಲ ಕೆಳಗೇ ದೊಡ್ಡ ಕಾಲುವೆ. ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ, ನಿಲ್ಲಲಿ.

ಹೋಟೆಲ್ ಬುಕ್ ಮಾಡುವಾಗ ಮ್ಯಾಪ್‌ನ ದೂರ ನಂಬಬೇಡಿ, ಸೇತುವೆ ಎಣಿಸಿ. ನಾವು ಹೋದಾಗ ಮ್ಯಾಪ್‌ನಲ್ಲಿ 600 ಮೀಟರ್ ಅಂತ ಇತ್ತು, ನಡುವೆ ನಾಲ್ಕು ಸೇತುವೆ, ಪ್ರತಿಯೊಂದಕ್ಕೂ ಹತ್ತುವ ಮೆಟ್ಟಿಲು, ಇಳಿಯುವ ಮೆಟ್ಟಿಲು. ಎರಡನೇ ಸೇತುವೆ ಹತ್ತಿರ ನಮ್ಮತ್ತೆ ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಎರಡು ಸೂಟ್‌ಕೇಸ್ ಆಚೆ ದಾಟಿಸಿ, ಮಗಳನ್ನು ಕಾವಲಿಗೆ ನಿಲ್ಲಿಸಿ, ವಾಪಸ್ ಬಂದು ಉಳಿದೆರಡನ್ನು ಹೊತ್ತು, ಮತ್ತೆ ಬಂದು ಅತ್ತೆಯ ಕೈ ಹಿಡಿದೆ. ಅವರು ಏನೂ ಅನ್ನಲಿಲ್ಲ, ಬರೀ ಮಂಡಿ ಒತ್ತಿಕೊಳ್ಳುತ್ತಿದ್ದರು. ನನಗೆ ಅದು ಇವತ್ತಿಗೂ ಕಣ್ಣ ಮುಂದೆ ಇದೆ. ಅದಕ್ಕೇ ಹೇಳುತ್ತೇನೆ, ವಪೊರೆತ್ತೊ ಅನ್ನುವ ನೀರಿನ ಬಸ್ಸಿನ ಸ್ಟಾಪಿಗೂ ಹೋಟೆಲಿಗೂ ನಡುವೆ ಒಂದೂ ಸೇತುವೆ ಇಲ್ಲದ ಜಾಗ ಹುಡುಕಿ. 1ನೇ ನಂಬರಿನ ದೋಣಿ ದೊಡ್ಡ ಕಾಲುವೆಯ ಉದ್ದಕ್ಕೂ ನಿಲ್ಲಿಸುತ್ತಾ ಹೋಗುತ್ತದೆ. ಬಿಡಿ ಟಿಕೆಟ್ 75 ನಿಮಿಷಕ್ಕೆ, ದುಬಾರಿ. 3 ದಿನ ಇರುವವರಿಗೆ 72 ಗಂಟೆಯ ಪಾಸ್ ಒಳ್ಳೆಯದು. ರೈಲಿಗೆ ಬೇಡ ಅಂದ ಪಾಸ್ ಇಲ್ಲಿ ಬೇಕು.

ಅಮ್ಮನಿಗಾಗಿ ಇನ್ನೊಂದು. ಇಟಲಿಯ ದೊಡ್ಡ ಸ್ಟೇಷನ್‌ಗಳಲ್ಲಿ ಸಾಲಾ ಬ್ಲೂ ಅನ್ನುವ ಸೇವೆ ಇದೆ. ಮೊದಲೇ ಹೇಳಿಟ್ಟರೆ ಗಾಲಿಕುರ್ಚಿ ತಂದು ರೈಲಿನ ಸೀಟಿನವರೆಗೂ ಬಿಟ್ಟು ಬರುತ್ತಾರೆ, ದುಡ್ಡಿಲ್ಲ. ಕೇಳಲು ಸಂಕೋಚ ಬೇಡ. ರೈಲಿನಲ್ಲಿ ಸೂಟ್‌ಕೇಸ್ ಎತ್ತಿ ಇಡುವವರು ನೀವು ಮತ್ತು ನಿಮ್ಮ ಹೆಂಡತಿ ಇಬ್ಬರೇ, ಆದ್ದರಿಂದ ಇಬ್ಬರಿಗೆ ಒಂದರಂತೆ ಮಧ್ಯಮ ಗಾತ್ರದ್ದು ಮೂರೇ ಸಾಕು. ಬಟ್ಟೆ ನಡುವೆ ಒಂದು ಸಲ ಒಗೆಸಿದರಾಯಿತು. ರೈಲಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿದರೆ ಯಾರೂ ಏನೂ ಅನ್ನಲ್ಲ.

ಕೊನೆಯ ದಿನ ರೋಮಾ ತೆರ್ಮಿನಿ ಸ್ಟೇಷನ್‌ನಿಂದ ಫ್ಯೂಮಿಚಿನೊ ಏರ್‌ಪೋರ್ಟಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಇದೆ, 32 ನಿಮಿಷ. ದೊಡ್ಡವರಿಗೆ 14 ಯೂರೊ, 12 ವರ್ಷದೊಳಗಿನ ಮಗು ದೊಡ್ಡವರೊಬ್ಬರ ಜೊತೆ ಉಚಿತ. ಹಳೇ ಊರಿನ ಭಾಗದಿಂದ ಏರ್‌ಪೋರ್ಟಿಗೆ ಟ್ಯಾಕ್ಸಿ ದರವೂ ನಿಗದಿಯಾಗಿದೆ, ಆದರೆ ನೀವು 6 ಜನ, ಸಾಮಾನ್ಯ ಟ್ಯಾಕ್ಸಿ ಎರಡು ಬೇಕು.

ಪ್ರಶ್ನೆ: ರೈಲು ಟಿಕೆಟ್ ಈಗ ಅಗ್ಗ ಇದೆ. ಆದರೆ ವೀಸಾ ಇನ್ನೂ ಬಂದಿಲ್ಲ. ತಗೊಂಡುಬಿಡಲಾ?
— ಓದುಗರು, ಬೆಂಗಳೂರು

ಉತ್ತರ: ಅಗ್ಗದ್ದನ್ನು ಈಗಲೇ ಕೊಳ್ಳಬೇಡಿ. ಸೂಪರ್ ಎಕಾನಮಿ ಅಂತ ಬರೆದಿರುವ ಟಿಕೆಟ್‌ಗೆ ದುಡ್ಡು ವಾಪಸ್ ಬರಲ್ಲ. ವೀಸಾ ಬರದೆ ಟಿಕೆಟ್ ಹೋದರೆ ಉಳಿಸಿದ್ದಕ್ಕಿಂತ ಕಳಕೊಂಡದ್ದೇ ಜಾಸ್ತಿ. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಅದನ್ನು ಬೇಗ ಮಾಡಿ, ವೀಸಾ ಕೈಗೆ ಬಂದ ದಿನವೇ ರೈಲು ಬುಕ್ ಮಾಡಿ. ಅರ್ಜಿಯ ಜೊತೆ ಕೊಡುವ ದಿನವಾರು ಪಟ್ಟಿಯಲ್ಲಿ ಯಾವ ದಿನ ಯಾವ ಊರಿಂದ ಯಾವ ಊರಿಗೆ, ಯಾವುದರಲ್ಲಿ ಅಂತ ಬಿಡಿಸಿ ಬರೆಯಿರಿ. ಕಾಯಲು ಆಗಲ್ಲ ಅಂದರೆ ಬೇಸ್ ದರದ್ದು ಕೊಳ್ಳಿ. ಬೆಲೆ ಹೆಚ್ಚು, ಆದರೆ ದಿನ ಬದಲಿಸಬಹುದು, ರದ್ದು ಮಾಡಿದರೂ ಸ್ವಲ್ಪ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ.

ಪೀಸಾ ತರಹದ ಹತ್ತಿರದ ಊರಿಗೆ ಹೋಗುವ ರೆಜಿಯೊನಾಲೆ ರೈಲಿಗೆ ಈ ಯೋಚನೆ ಬೇಡ. ಮೂರು ತಿಂಗಳ ಮುಂಚೆ ಕೊಂಡರೂ ಅವತ್ತೇ ಕೊಂಡರೂ ಒಂದೇ ದರ. ಬಿಸಿಲು ಮಳೆ ನೋಡಿಕೊಂಡು ಹೊರಡಿ.

ಪ್ರಶ್ನೆ: ಟಿಕೆಟ್ ಇದ್ದರೂ ನನ್ನ ಗೆಳತಿಗೆ ಇಟಲಿಯ ರೈಲಿನಲ್ಲಿ ದಂಡ ಹಾಕಿದರಂತೆ. ಕೇಳಿ ಭಯವಾಗಿದೆ. ಭಾಷೆಯೂ ಬರಲ್ಲ.
— ಓದುಗರು, ಧಾರವಾಡ

ಉತ್ತರ: ಅವರು ಕಾಗದದ ಟಿಕೆಟ್ ಪಂಚ್ ಮಾಡಿರಲಿಕ್ಕಿಲ್ಲ. ರೆಜಿಯೊನಾಲೆ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಹತ್ತಿರ ಇರುವ ಸಣ್ಣ ಪೆಟ್ಟಿಗೆಯೊಳಗೆ ತೂರಿಸಬೇಕು, ಟಕ್ ಅಂತ ಶಬ್ದ ಬಂದು ದಿನ, ಹೊತ್ತು ಅಚ್ಚಾಗುತ್ತದೆ. ಅಚ್ಚು ಬಿತ್ತಾ ಅಂತ ಕಣ್ಣಾರೆ ನೋಡಿ. ಫೋನಿನಲ್ಲಿ ಕೊಂಡ ಟಿಕೆಟ್‌ಗೆ ಈ ಪಂಚ್ ಇಲ್ಲ, ಚೆಕ್ ಇನ್ ಕೇಳಿದರೆ ಅದರಲ್ಲೇ ಮಾಡಿ. ವೇಗದ ರೈಲಿಗೆ ಇದ್ಯಾವುದೂ ಇಲ್ಲ, ದಿನ, ರೈಲು, ಸೀಟು ಎಲ್ಲ ಮೊದಲೇ ಗೊತ್ತಾಗಿರುತ್ತದೆ.

ಭಾಷೆಗೆ ನಾಲ್ಕು ಮಾತು ಸಾಕು. ಪಾರ್ತೆಂತ್ಸೆ ಅಂದರೆ ಹೊರಡುವ ರೈಲುಗಳು. ಬಿನಾರಿಯೊ ಅಂದರೆ ಪ್ಲಾಟ್‌ಫಾರ್ಮ್. ರಿತಾರ್ದೊ ಅಂದರೆ ತಡ. ಕರೋತ್ಸಾ ಅಂದರೆ ಬೋಗಿ. ಬೋರ್ಡಿನಲ್ಲಿ ಫ್ಲಾರೆನ್ಸ್ ಅಂತ ಹುಡುಕಿದರೆ ಸಿಗಲ್ಲ, ಅಲ್ಲಿ ಅದು ಫಿರೆಂಜೆ. ವೆನಿಸ್ ವೆನೆಜಿಯಾ, ನೇಪಲ್ಸ್ ನಾಪೊಲಿ. ಬೋರ್ಡಿನಲ್ಲಿ ದೊಡ್ಡದಾಗಿ ಇರುವುದು ರೈಲು ಕೊನೆಗೆ ಮುಟ್ಟುವ ಊರು. ನೀವು ರೋಮ್‌ನಿಂದ ಫ್ಲಾರೆನ್ಸ್‌ಗೆ ಹೋಗುವ ರೈಲಿಗೆ ವೆನೆಜಿಯಾ ಅಂತ ಇರಬಹುದು, ಮಿಲಾನೊ ಅಂತ ಇರಬಹುದು. ಊರಿನ ಹೆಸರು ಬಿಟ್ಟು ಟಿಕೆಟ್‌ನಲ್ಲಿರುವ ರೈಲಿನ ನಂಬರ್ ಹಿಡಿದು ನೋಡಿ. ಪ್ಲಾಟ್‌ಫಾರ್ಮ್ ನಂಬರ್ ಹೊರಡಲು ಸ್ವಲ್ಪ ಹೊತ್ತು ಇರುವಾಗಲೇ ಬರುವುದು. ಗಾಬರಿ ಬೇಡ, ಬೋರ್ಡಿನ ಕೆಳಗೇ ನಿಂತಿರಿ.

ಶೋಪೆರೊ ಅನ್ನುವ ಮಾತೂ ತಿಳಿದಿರಲಿ. ಮುಷ್ಕರ. ಅಲ್ಲಿ ಇದು ಆಗಾಗ ಇರುತ್ತದೆ, ಮೊದಲೇ ಪ್ರಕಟಿಸುತ್ತಾರೆ. ಹೊರಡುವ ವಾರ ನೋಡಿಕೊಳ್ಳಿ. ವಾರದ ದಿನಗಳಲ್ಲಾದರೆ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ರೆಜಿಯೊನಾಲೆ ರೈಲುಗಳಿಗೆ ಖಾತ್ರಿಯ ಹೊತ್ತು. ದೂರದ ರೈಲುಗಳಲ್ಲೂ ಖಂಡಿತ ಓಡುವ ಕೆಲವದರ ಪಟ್ಟಿ ಇರುತ್ತದೆ.

ಪ್ರಶ್ನೆ: ನಾವು ಗಂಡ ಹೆಂಡತಿ, ಒಬ್ಬ ಮಗ. ಫ್ಲಾರೆನ್ಸ್ ಸುತ್ತಲಿನ ಟಸ್ಕನಿಯ ಹಳ್ಳಿಗಳನ್ನು ಕಾರಿನಲ್ಲೇ ಸುತ್ತಬೇಕು ಅಂತ ಆಸೆ. ನಮ್ಮ ಲೈಸೆನ್ಸ್ ನಡೆಯುತ್ತಾ?
— ಓದುಗರು, ಶಿವಮೊಗ್ಗ

ಉತ್ತರ: ಈ ಆಸೆ ಬಿಡಬೇಡಿ, ಕಾರು ಬೇಕಾಗಿರುವುದು ಇಂಥ ಕಡೆಗೇ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಲೇಬೇಕು. ನಿಮ್ಮ ಆರ್‌ಟಿಒದಲ್ಲೇ ಮಾಡಿಕೊಡುತ್ತಾರೆ, 1 ವರ್ಷ ನಡೆಯುತ್ತದೆ. ಕಾರು ಪೂರ್ತಿ ರಜೆಗೆ ಬೇಡ, ಹಳ್ಳಿಯಲ್ಲಿ ಉಳಿಯುವ ಎರಡು ಮೂರು ದಿನಕ್ಕೆ ಮಾತ್ರ ತಗೊಳ್ಳಿ. ಫ್ಲಾರೆನ್ಸ್ ಊರ ನಡುವಿನ ಆಫೀಸ್ ಬೇಡ, ಏರ್‌ಪೋರ್ಟಿನ ಕಡೆ ತಗೊಂಡು ಅಲ್ಲೇ ವಾಪಸ್ ಕೊಡಿ. ಸ್ಟೇಷನ್‌ನಿಂದ ಅಲ್ಲಿಗೆ ಟ್ರಾಮ್ ಇದೆ. ಬೇರೆ ಊರಲ್ಲಿ ಬಿಟ್ಟರೆ ಸಾಮಾನ್ಯವಾಗಿ ಹೆಚ್ಚಿನ ದುಡ್ಡು ಕೇಳುತ್ತಾರೆ. ಗೇರ್ ಇಲ್ಲದ ಕಾರು ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ, ಬಲಗಡೆ ಓಡಿಸುವುದು ರೂಢಿಯಾಗುವ ತನಕ ಎಡಗಡೆ ಕೂತು ಬಲಗೈಯಲ್ಲಿ ಗೇರ್ ಹಾಕುವುದೂ ಸೇರಿದರೆ ಮೊದಲ ದಿನ ಬಹಳ ಸುಸ್ತು.

ಅಲ್ಲಿನ ಸಿಯೆನಾ ಊರೊಂದೇ ನೋಡುವುದಾದರೆ ಕಾರು ಬೇಡವೇ ಬೇಡ. ಫ್ಲಾರೆನ್ಸ್‌ನಿಂದ ಬಸ್ಸು ಹಳೇ ಊರಿನ ಹತ್ತಿರಕ್ಕೇ ಬಿಡುತ್ತದೆ, ರೈಲು ಗುಡ್ಡದ ಕೆಳಗೆ ನಿಲ್ಲುತ್ತದೆ. ಹಳ್ಳಿಗಳಲ್ಲಿ ಗೋಡೆಯೊಳಗಿನ ಊರಿಗೆ ಕಾರು ನುಗ್ಗಿಸಬೇಡಿ, ಅಲ್ಲೂ ಕ್ಯಾಮೆರಾ ಇರಬಹುದು. ಹೊರಗಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ. ನೀಲಿ ಗೆರೆ ಇದ್ದರೆ ದುಡ್ಡು ಹಾಕಿ, ಮೆಷಿನ್ ಕೊಡುವ ಚೀಟಿಯನ್ನು ಗಾಜಿನ ಒಳಗೆ ಕಾಣುವ ಹಾಗೆ ಇಡಿ.