ತೆರಿಗೆ ಸೊನ್ನೆ ಅಂದಮೇಲೂ ರಿಟರ್ನ್ ಹಾಕಬೇಕಾ?

ಜುಲೈ ಹತ್ತಿರ ಬಂತು ಅಂದ್ರೆ ಈ ಅಂಕಣಕ್ಕೆ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಬರುತ್ತದೆ. ಈ ಸಲವೂ ಹಾಗೇ. ಕೆಳಗಿನ ಮೊದಲ ಮೂರು ಉತ್ತರ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಆದಾಯದ ಬಗ್ಗೆ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ, ಲೆಕ್ಕ ಒಪ್ಪಿಸುವ ವರ್ಷ) 2026-27 ಅಂತ ಆರಿಸಬೇಕು.

ನನ್ನ ಸಂಬಳ ವರ್ಷಕ್ಕೆ 11 ಲಕ್ಷ. 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಬಜೆಟ್‌ನಲ್ಲೇ ಹೇಳಿದ್ದರಲ್ಲ, ಕಂಪನಿಯವರು ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಕೂಡ ಹಿಡಿದಿಲ್ಲ. ಮತ್ತೆ ರಿಟರ್ನ್ ಯಾಕೆ? – ಓದುಗ, ತುಮಕೂರು

ತೆರಿಗೆ ಇಲ್ಲ ಅನ್ನೋದು ಬೇರೆ, ರಿಟರ್ನ್ ಬೇಡ ಅನ್ನೋದು ಬೇರೆ. ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿಯ ಮಿತಿ 4 ಲಕ್ಷ ಮಾತ್ರ. ಅದನ್ನು ದಾಟಿದರೆ ರಿಟರ್ನ್ ಕಡ್ಡಾಯ.

ನಿಮ್ಮದೇ ಲೆಕ್ಕ ನೋಡಿ. 11 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 10,25,000. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20,000. ಉಳಿದ 2,25,000ಕ್ಕೆ ಶೇ. 10ರಂತೆ 22,500. ಅಂದರೆ 42,500 ರೂಪಾಯಿ ತೆರಿಗೆ ಬಿದ್ದೇ ಬೀಳುತ್ತದೆ, ಆಮೇಲೆ 87ಎ ಸೆಕ್ಷನ್ನಿನ ರಿಬೇಟ್, ಅಂದರೆ ತೆರಿಗೆಯಲ್ಲೇ ಸಿಗುವ ರಿಯಾಯಿತಿ, ಅದನ್ನು ಪೂರ್ತಿ ಅಳಿಸುತ್ತದೆ. ಹಾಕಿ ಅಳಿಸಿದ ಈ ಲೆಕ್ಕವನ್ನೇ ನೀವು ರಿಟರ್ನ್‌ನಲ್ಲಿ ತೋರಿಸೋದು. ಶೇರು ಮಾರಿ ಲಾಭ ಮಾಡಿದ್ದರೆ ಮಾತ್ರ ಹುಷಾರು, ವಿಶೇಷ ದರದ ಆ ತೆರಿಗೆಗೆ ಈ ರಿಬೇಟ್ ಸಿಗೋದಿಲ್ಲ.

ಕೊನೆಯ ದಿನ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ಹಾಕಬಹುದು, ಆದರೆ ನಿಮ್ಮ ಆದಾಯ 5 ಲಕ್ಷ ದಾಟಿರುವುದರಿಂದ 5,000 ರೂಪಾಯಿ ಲೇಟ್ ಫೀ. ಸೊನ್ನೆ ತೆರಿಗೆಗೆ ಐದು ಸಾವಿರ ದಂಡ ಕಟ್ಟೋದು ಯಾವ ಲೆಕ್ಕ ಹೇಳಿ! ಹಳೇ ಪದ್ಧತಿ ಬೇಕು ಅನ್ನುವ ಸಂಬಳದವರೂ ಜುಲೈ 31ರೊಳಗೇ ಹಾಕಬೇಕು, ತಡವಾದರೆ ಹೊಸ ಪದ್ಧತಿಯೇ ಗತಿ. ಕಳೆದ ವರ್ಷ ಗಡುವು ಸೆಪ್ಟೆಂಬರ್ 15ಕ್ಕೆ ಹೋಯಿತು, ಮತ್ತೆ ಒಂದು ದಿನ ಸೇರಿ 16 ಆಯಿತು, ನಿಜ. ಹಾಗಂತ ಈ ಸಲವೂ ಮುಂದೆ ಹಾಕುತ್ತಾರೆ ಅಂತ ಕಾಯ್ತಾ ಕೂರಬೇಡಿ.

ನಾನು ನಿವೃತ್ತ ಶಿಕ್ಷಕಿ, ವಯಸ್ಸು 68. ಪಿಂಚಣಿ ತಿಂಗಳಿಗೆ 32,000. ಎಫ್‌ಡಿ ಬಡ್ಡಿ 1,30,000 ಬಂತು, ಬ್ಯಾಂಕಿನವರು 13,000 ಟಿಡಿಎಸ್ ಹಿಡಿದರು. ಟಿಡಿಎಸ್ ಹಿಡಿಯಬೇಡಿ ಅಂತ ಬ್ಯಾಂಕಿಗೆ ಕೊಡುವ 15ಎಚ್ ಫಾರಂ ಕೊಡೋದು ಮರೆತೆ. ಆ ದುಡ್ಡು ಹೋದಂತೆಯೇ? – ಓದುಗಿ, ಹಾಸನ

ಎಲ್ಲೂ ಹೋಗಿಲ್ಲ ಅಮ್ಮಾ, ನಿಮ್ಮ ಪ್ಯಾನ್ ಹೆಸರಿನಲ್ಲಿ ಭದ್ರವಾಗಿ ಕೂತಿದೆ. ಪೋರ್ಟಲ್‌ನಲ್ಲಿ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು ನೋಡಿ, ಬ್ಯಾಂಕಿನ ಹೆಸರಿನ ಎದುರು ಆ 13,000 ಕಾಣಬೇಕು. ಕಾಣದಿದ್ದರೆ ಮೊದಲು ಬ್ಯಾಂಕಿನಲ್ಲಿ ಕೇಳಿ.

ಪಿಂಚಣಿ 3,84,000, ಬಡ್ಡಿ 1,30,000, ಒಟ್ಟು 5,14,000. ಪಿಂಚಣಿಗೂ 75,000 ಡಿಡಕ್ಷನ್ ಉಂಟು, ಎಷ್ಟೋ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಉಳಿದದ್ದು 4,39,000. ತೆರಿಗೆ 1,950, ಅದೂ ರಿಬೇಟಿನಲ್ಲಿ ಹೋಯಿತು. ಹಾಗಾಗಿ 13,000 ಪೂರ್ತಿ ರೀಫಂಡ್. ರೀಫಂಡ್ ಬರಬೇಕಾದ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಮಾಡಿಸಿ. ಪ್ಯಾನ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇನಿಷಿಯಲ್ ಇದ್ದರೆ ಅಲ್ಲೇ ತೊಡಕು.

ಇನ್ನೊಂದು ಮಾತು. ಸಬ್‌ಮಿಟ್ ಒತ್ತಿದ ತಕ್ಷಣ ಕೆಲಸ ಮುಗಿಯೋದಿಲ್ಲ. 30 ದಿನದೊಳಗೆ ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಮಾಡಬೇಕು. ಇಲ್ಲವಾದರೆ ಐಟಿಆರ್-ವಿ ಅನ್ನುವ ರಿಟರ್ನ್ ಸ್ವೀಕೃತಿಯ ಪ್ರಿಂಟ್ ತೆಗೆದು, ಸಹಿ ಹಾಕಿ, ಬೆಂಗಳೂರಿನಲ್ಲಿರುವ ಇಲಾಖೆಯ ಸಂಸ್ಕರಣಾ ಕೇಂದ್ರ ಸಿಪಿಸಿಗೆ, ಪಿನ್ 560500, ಅಂಚೆಯಲ್ಲಿ ಕಳಿಸಬೇಕು. ಅದೂ 30 ದಿನದೊಳಗೇ ತಲುಪಬೇಕು. ಊರಿಗೆಲ್ಲ ಬುದ್ಧಿ ಹೇಳುವ ನಾನೇ ಒಂದು ವರ್ಷ ರಿಟರ್ನ್ ಹಾಕಿ, ಒಟಿಪಿ ಬರುವಷ್ಟರಲ್ಲಿ ಕರೆಂಟ್ ಹೋಯ್ತು ಅಂತ ಎದ್ದು ಹೋದವನು ಮರೆತೇಬಿಟ್ಟೆ. ಎರಡು ತಿಂಗಳಾದರೂ ರೀಫಂಡ್ ಬರಲಿಲ್ಲ ಅಂತ ಇಲಾಖೆಯನ್ನು ಬೈದುಕೊಂಡು ಪೋರ್ಟಲ್ ತೆಗೆದರೆ, ತಪ್ಪು ನಂದೇ.

ನಮ್ಮದು ಅಡಿಕೆ ತೋಟ. ವರ್ಷಕ್ಕೆ 9 ಲಕ್ಷ ಉಳಿಯುತ್ತದೆ, ಬ್ಯಾಂಕ್ ಬಡ್ಡಿ 60,000. ಬೇರೆ ಆದಾಯ ಇಲ್ಲ. ಈ ವರ್ಷ ಮಗಳ ಬಾಣಂತನಕ್ಕೆ ಇಬ್ಬರೂ ಅಮೆರಿಕಕ್ಕೆ ಹೋಗಿ ಬಂದೆವು. ನಾವು ಕೃಷಿಕರು ರಿಟರ್ನ್ ಹಾಕಬೇಕಿಲ್ಲ, ಅಲ್ವಾ? – ಓದುಗ, ಶಿರಸಿ

ಮೊಮ್ಮಗು ಬಂದ ಖುಷಿಯಲ್ಲಿ ನೀವೇ ಮುಖ್ಯ ವಿಷಯ ಬರೆದುಬಿಟ್ಟಿದ್ದೀರಿ ರಾಯರೇ. ಅಡಿಕೆಯ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಬಡ್ಡಿ 60,000 ಮಾತ್ರ, 4 ಲಕ್ಷದ ಹತ್ತಿರಕ್ಕೂ ಬರೋದಿಲ್ಲ. ಇಷ್ಟೇ ಆಗಿದ್ದರೆ ಸುಮ್ನೆ ಇರಬಹುದಿತ್ತು. ಆದರೆ ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡಿದವರು, ತನಗಾಗಲಿ ಬೇರೆಯವರಿಗಾಗಲಿ, ಆದಾಯ ಎಷ್ಟೇ ಕಡಿಮೆ ಇದ್ದರೂ ರಿಟರ್ನ್ ಹಾಕಬೇಕು. ಇಬ್ಬರ ಟಿಕೆಟ್ಟಿನ ದುಡ್ಡು ನಿಮ್ಮದೇ ಆಗಿದ್ದು, ಒಟ್ಟು 2 ಲಕ್ಷ ದಾಟಿದ್ದರೆ ಹಾಕಲೇಬೇಕು. ಅಳಿಯಂದಿರು ಬುಕ್ ಮಾಡಿ ಕೊಟ್ಟಿದ್ದರೆ ಆ ಖರ್ಚು ನಿಮ್ಮ ಲೆಕ್ಕಕ್ಕೆ ಬರೋದಿಲ್ಲ. ವರ್ಷದ ಕರೆಂಟ್ ಬಿಲ್ 1 ಲಕ್ಷ ದಾಟಿದರೂ, ಉಳಿತಾಯ ಖಾತೆಗೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜಮೆ ಆದರೂ ಇದೇ ನಿಯಮ.

ಫಾರಂ ಆರಿಸುವಾಗ ಐಟಿಆರ್-1 ಬೇಡ, ಕೃಷಿ ಆದಾಯ 5,000 ದಾಟಿದರೆ ಅದು ನಡೆಯೋದಿಲ್ಲ. ಐಟಿಆರ್-2 ಹಾಕಿ. ಕೃಷಿ ಆದಾಯ 5 ಲಕ್ಷದ ಮೇಲಿರುವುದರಿಂದ ಜಮೀನು ಎಷ್ಟು ಎಕರೆ, ಸ್ವಂತದ್ದಾ ಗೇಣಿಯದ್ದಾ, ನೀರಾವರಿಯಾ ಮಳೆಯಾಶ್ರಿತವಾ, ಎಲ್ಲ ಕೇಳುತ್ತದೆ. ಪಹಣಿ ಪಕ್ಕದಲ್ಲಿಟ್ಟುಕೊಂಡೇ ಕೂರಿ.

2023-24ರ ಆದಾಯಕ್ಕೆ ರಿಟರ್ನ್ ಹಾಕಿಲ್ಲ, ಸ್ವಲ್ಪ ತೆರಿಗೆಯೂ ಬಾಕಿ ಇದೆ. ಈಗ ದಾರಿ ಉಂಟಾ? – ಓದುಗ, ಪುತ್ತೂರು

ಉಂಟು. ಐಟಿಆರ್-ಯು ಅಂತ, ಗಡುವು ಮುಗಿದ ಮೇಲೂ ಹಾಕಬಹುದಾದ ಅಪ್‌ಡೇಟೆಡ್ ರಿಟರ್ನ್ ಒಂದಿದೆ, ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 48 ತಿಂಗಳವರೆಗೆ ಹಾಕಬಹುದು. ನಿಮ್ಮ ಲೆಕ್ಕಕ್ಕೆ 2029ರ ಮಾರ್ಚ್‌ವರೆಗೆ. ಆದರೆ ತಡವಾದಷ್ಟೂ ದುಬಾರಿ. ತೆರಿಗೆ ಮತ್ತು ಬಡ್ಡಿಯ ಮೇಲೆ ಈಗ ಶೇ. 50 ಹೆಚ್ಚುವರಿ, 2027ರ ಮಾರ್ಚ್ ದಾಟಿದರೆ ಶೇ. 60, ಅದರಾಚೆಗೆ ಶೇ. 70. ಇದರಲ್ಲಿ ರೀಫಂಡ್ ಮಾತ್ರ ಕೇಳುವಂತಿಲ್ಲ.