ಪುಟವನ್ನು ಮಿರರ್ ಮಾಡಬೇಡಿ, ಫ್ರೇಮ್ ಜಾಗ ಬದಲಿಸಿ

ಗಂಗಾವತಿ ಸಂತೆಯ ಕಾಮಿಕ್ ಹಾಕಿದವರಿಗೆ ಈ ಉತ್ತರ. ಜಪಾನಿನ ಕಾಮಿಕ್ ಮಾಂಗಾ ಥರ ಬಲದಿಂದ ಎಡಕ್ಕೆ ಬಿಡಿಸಿದ್ದೀರಿ. ಕನ್ನಡದಲ್ಲಿ ಓದೋಕೆ ತೊಡಕಾಗ್ತಿದೆ ಅಂತ ಜನ ಹೇಳಿದ ಮೇಲೆ, ಒಬ್ಬರು "ಇಡೀ ಪುಟ ಮಿರರ್ ಮಾಡಿ, ಮುಗೀತು" ಅಂದರು, ಅಂದರೆ ಕನ್ನಡಿಯಲ್ಲಿ ಕಾಣೋ ಹಾಗೆ ಎಡ-ಬಲ ತಿರುಗಿಸೋದು. ನೀವೂ ಮೂರನೇ ಪುಟವನ್ನು ತಿರುಗಿಸಿ ಹಾಕಿದ್ದೀರಿ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವನು ನಾನು.

ಆ ಪುಟವನ್ನು ಇನ್ನೊಂದು ಸಲ ನೋಡಿ. ಅಜ್ಜಿ ಒಗ್ಗರಣೆ ಮಿರ್ಚಿ ತಟ್ಟೆಯನ್ನು ಎಡಗೈಯಲ್ಲಿ ಕೊಡ್ತಿದ್ದಾಳೆ, ಹುಡುಗನೂ ಎಡಗೈಯಲ್ಲೇ ತಿಂತಿದ್ದಾನೆ. ಸೆರಗು ಬಲ ಹೆಗಲಿಗೆ ಹೋಗಿದೆ. ಬಸ್ಸಿನ ಬಾಗಿಲು ಬಲಗಡೆ, ಡ್ರೈವರ್ ಎಡಗಡೆ. ಎಲ್ಲಕ್ಕಿಂತ ದೊಡ್ಡದು ಪೂಜಾರಿಯ ಜನಿವಾರ. ಎಡ ಹೆಗಲಿನದು ಬಲಕ್ಕೆ ಬಂದಿದೆ. ಅದು ಪಿತೃಕಾರ್ಯಕ್ಕೆ ಹಾಕಿಕೊಳ್ಳುವ ರೀತಿ. ನಿಮ್ಮ ಕಥೆಯಲ್ಲಿ ಅವರು ಮದುವೆಗೆ ಹೊರಟಿದ್ದಾರೆ ಅಲ್ವಾ?

ಜಪಾನಿನವರಿಗೂ ಇದೇ ಆಗಿತ್ತು. ಅವರ ಬರಹ ಮೇಲಿನಿಂದ ಕೆಳಕ್ಕೆ, ಸಾಲುಗಳು ಬಲದಿಂದ ಎಡಕ್ಕೆ. ಅದಕ್ಕೇ ಪುಟವೂ ಹಾಗೆ. ಮೊದಮೊದಲು ಇಂಗ್ಲಿಷಿಗೆ ತಂದವರು ಹೆಚ್ಚಾಗಿ ಪುಟಗಳನ್ನೇ ತಿರುಗಿಸಿ ಅಚ್ಚು ಹಾಕ್ತಿದ್ದರು. ಬಲಗೈ ಸಮುರಾಯ್ ಎಡಚನಾದ. ಕಿಮೋನೊದಲ್ಲಿ ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಬದುಕಿರುವ ಪಾತ್ರಗಳೆಲ್ಲ ಹಾಗೇ ಓಡಾಡಿದವು. 2002ರಲ್ಲಿ ಅಮೆರಿಕದ ಪ್ರಕಾಶನ ಟೋಕಿಯೋಪಾಪ್ ತಿರುಗಿಸದ ಪುಟಗಳನ್ನೇ ತರೋಕೆ ಶುರು ಮಾಡಿತು. ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು.

ನನಗೆ ಸರಿಬಂದ ದಾರಿ ಇದು. ಪುಟವನ್ನು ಎ4ನಲ್ಲಿ ಪ್ರಿಂಟ್ ತೆಗೆದು ಕತ್ತರಿಯಿಂದ ಫ್ರೇಮ್‌ಗಳನ್ನು, ಅಂದರೆ ಒಂದೊಂದು ಚಿತ್ರದ ಚೌಕವನ್ನು, ಬೇರೆ ಮಾಡಿ. ನೆಲದ ಮೇಲೆ ಹರಡಿ ಎಡದಿಂದ ಬಲಕ್ಕೆ ಜೋಡಿಸಿ. ಫ್ರೇಮ್ ಒಳಗಿನ ಚಿತ್ರ ಮುಟ್ಟಬೇಡಿ. ಹೆಚ್ಚಿನವು ಹಾಗೇ ಕೂರುತ್ತವೆ. ಹೆಚ್ಚು ತೊಂದರೆ ಕೊಡೋದು ಇಬ್ಬರು ಮಾತಾಡುವ ಫ್ರೇಮ್. ಮೊದಲು ಮಾತಾಡುವವರು ಎಡಗಡೆ ಇರಬೇಕು, ಇಲ್ಲದಿದ್ದರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ ಬರುತ್ತೆ. ಅಂಥ ಫ್ರೇಮ್‌ಗಳನ್ನು ಹೊಸದಾಗಿ ಬಿಡಿಸಿ, ಬೇಜಾರು ಮಾಡ್ಕೋಬೇಡಿ. ಮೊದಲು ಮಾತಾಡುವವರ ಮಾತು ಬರೆಯುವ ಬಲೂನನ್ನು ಮೇಲೆ ಎತ್ತಿದರೂ ಕೆಲವು ಸಲ ಸಾಕಾಗುತ್ತೆ. ಓಡುವ, ಬೆನ್ನಟ್ಟುವ ದೃಶ್ಯಗಳೂ ಬಲಕ್ಕೆ ಹೋಗಲಿ. ಹಿನ್ನೆಲೆಯ ಬಂಡೆ, ಗದ್ದೆ ತಿರುಗಿಸಿದರೆ ಯಾರಿಗೂ ಗೊತ್ತಾಗಲ್ಲ. ಆದರೆ ಅಂಜನಾದ್ರಿ ಬೆಟ್ಟವನ್ನು ತಿರುಗಿಸಿದರೆ ಆನೆಗೊಂದಿಯ ಮಕ್ಕಳೂ ಹಿಡೀತಾರೆ.

ಬಲೂನಿನ ಆಕಾರವನ್ನೂ ಮಾಂಗಾದಿಂದ ತಂದಿದ್ದೀರಿ, ಎತ್ತರ ಜಾಸ್ತಿ, ಅಗಲ ಕಮ್ಮಿ. ಅದು ಅವರ ಮೇಲಿಂದ ಕೆಳಗಿನ ಬರಹಕ್ಕೆ ಮಾಡಿದ್ದು. ನಮ್ಮ "ಹೋಗಬೇಕಾಗಿತ್ತಲ್ಲಾ" ಅದರಲ್ಲಿ ಮೂರು ತುಂಡಾಗಿದೆ. ಅಗಲ ಮಾಡಿ. ಒತ್ತಕ್ಷರಕ್ಕೆ ಸಾಲುಗಳ ನಡುವೆ ಜಾಗ ಬಿಡಿ. ಹಳೆಯ ಫೋಟೋಶಾಪ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಬರ್ತಿದ್ದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಿ. ನಾನಂತೂ ಅಕ್ಷರದ ಕೆಲಸವನ್ನು ಇಂಕ್‌ಸ್ಕೇಪ್ ಅನ್ನೋ ಸಾಫ್ಟ್‌ವೇರ್‌ನಲ್ಲೇ ಮಾಡೋದು, ದುಡ್ಡೂ ಕೊಡಬೇಕಿಲ್ಲ. ಫಾಂಟ್‌ಗೆ ಬಾಲೂ ತಮ್ಮ ಒಳ್ಳೆಯದು. ಅಕಾಯ ಕನಡಕವೂ ಚೆನ್ನಾಗಿದೆ, ಆದರೆ ಉದ್ದ ಮಾತಿಗೆ ಬೇಡ, ಕಣ್ಣು ಸೋಲುತ್ತೆ. ಸದ್ದಿಗೆ ಜಪಾನಿ ಅಕ್ಷರ ಯಾಕೆ ಹಾಕಿದ್ದೀರಿ? ಚೀಲ ಬಿದ್ದರೆ ಧೊಪ್ ಅನ್ನಲಿ, ಬಸ್ಸು ಗಡಗಡ ಅನ್ನಲಿ.

ಲೋಕಲ್ ಆಗಿ ಕಾಣೋಕೆ ಇನ್ನೇನು ಸೇರಿಸಲಿ ಅಂತ ಕೇಳಿದ್ದೀರಿ. ಸೇರಿಸಬೇಡಿ, ತೆಗೆಯಿರಿ. ಸಂತೆಯ ಹಿಂದೆ ಹಂಪಿಯ ಕಲ್ಲಿನ ರಥ ಯಾಕೆ? ಅದು ಹೊಳೆಯ ಆಚೆ ಇದೆ. ಗಂಗಾವತಿಗೆ ರೈಸ್ ಮಿಲ್ಲೇ ಸಾಕು. ಕಳ್ಳ, ದಲ್ಲಾಳಿ ಎಲ್ಲರೂ ಕಪ್ಪು, ಹೀರೋ ಮಾತ್ರ ಬೆಳ್ಳಗೆ. ಇದು ನಿಜಕ್ಕೂ ಸಿಟ್ಟು ಬರಿಸಿತು, ಬದಲಿಸಿ. ಲಂಬಾಣಿ ಹೆಂಗಸರಿಗೆಲ್ಲ ಕನ್ನಡಿ ಹಾಕಿದ ಲಂಗ ತೊಡಿಸಿದ್ದೀರಿ. ವಯಸ್ಸಾದವರಲ್ಲಿ ಕೆಲವರು ತೊಡ್ತಾರೆ, ಸರಿ. ಕಾಲೇಜು ಹುಡುಗಿಗೂ ಯಾಕೆ?

ಬೇರೆ ಕಡೆಯಿಂದ ಕಲಿಯಬೇಡಿ ಅಂತ ಅಲ್ಲ. 2011ರ 'ಭೀಮಾಯಣ' ಸಿಕ್ಕರೆ ನೋಡಿ. ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಬಿಡಿಸಿದ್ದು, ಅಂಬೇಡ್ಕರ್ ಕಥೆ. ಚೌಕದ ಫ್ರೇಮ್‌ಗಳೇ ಇಲ್ಲ. ಮೃದು ಮಾತಿನ ಬಲೂನು ಹಕ್ಕಿಯ ಆಕಾರ, ಚುಚ್ಚುವ ಮಾತಿಗೆ ಚೇಳಿನ ಕೊಂಡಿ. ಗೊಂಡ ಬುಡಕಟ್ಟಿನ ಚಿತ್ರಕಲೆಯಿಂದಲೇ ಹುಟ್ಟಿದ ಕಾಮಿಕ್ ಅದು. ನಮ್ಮಲ್ಲೂ ತೊಗಲು ಗೊಂಬೆ ಇದೆ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಆಟ. ಅದರಲ್ಲಿ ರಾಜ ದೊಡ್ಡ ಗೊಂಬೆ, ಆಳು ಸಣ್ಣ ಗೊಂಬೆ. ನಿಮ್ಮ ದಲ್ಲಾಳಿ ಮೊದಲ ಪುಟದಲ್ಲಿ ಹಾಗೆ ದೊಡ್ಡದಾಗಿ ನಿಂತು, ಅಜ್ಜಿ ಬೈದ ಮೇಲೆ ಚಿಕ್ಕವನಾದರೆ ಹೇಗಿರುತ್ತೆ, ಬಿಡಿಸಿ ನೋಡಿ.

ಬಲದಿಂದ ಎಡಕ್ಕಿರುವ ಮೂಲ ಫೈಲ್ ಮಾತ್ರ ಅಳಿಸಬೇಡಿ. ಮುಂದೆ ರಾಯಚೂರು, ಬಳ್ಳಾರಿಯ ಉರ್ದು ಓದುಗರಿಗೂ ಈ ಕಥೆ ಕೊಡೋದಾದರೆ ಅದೇ ಜೋಡಣೆ ಸರಿಹೋಗುತ್ತೆ, ಉರ್ದು ಬಲದಿಂದ ಎಡಕ್ಕೇ ಅಲ್ವಾ. ಬಲೂನು ಬದಲಿಸಿದರೆ ಆಯ್ತು. ಮಿರರ್ ಮಾಡಿದ ಪುಟದಲ್ಲಿ ಅತ್ತರಿನ ಅಂಗಡಿಯ ಉರ್ದು ಬೋರ್ಡೂ ಉಲ್ಟಾ ಆಗಿದೆ, ಅದನ್ನೂ ನೋಡ್ಕೊಳ್ಳಿ.