007ರ ತೆರೆಯ ಹಿಂದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಜೇಮ್ಸ್ ಬಾಂಡ್ ಚಿತ್ರಸರಣಿಗೆ ಐವತ್ತು ವರ್ಷ ತುಂಬಿದ ದಿನ, ಅಂದರೆ 2012ರ ಅಕ್ಟೋಬರ್ 5ರಂದು, ತೆರೆಗೆ ಬಂದ ಸಾಕ್ಷ್ಯಚಿತ್ರ ‘ಎವೆರಿಥಿಂಗ್ ಆರ್ ನಥಿಂಗ್’. ನಿರ್ದೇಶಕ ಸ್ಟೀವನ್ ರೈಲಿ. ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ಮೇಲೆ ‘ಫೈರ್ ಇನ್ ಬ್ಯಾಬಿಲಾನ್’ ಮಾಡಿದವರೂ ಇವರೇ. ಈ ಚಿತ್ರ ನೋಡಿದವರು, ನೋಡಲು ಹೊರಟವರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಸಾಕ್ಷ್ಯಚಿತ್ರ ನೋಡುವ ಮೊದಲು ಇಪ್ಪತ್ತೈದೂ ಬಾಂಡ್ ಚಿತ್ರ ನೋಡಿರಲೇಬೇಕೆ? (ಮೈಸೂರು)

ಬೇಕಿಲ್ಲ, ಐದು ಸಾಕು. ‘ಡಾಕ್ಟರ್ ನೋ’ (1962), ‘ಥಂಡರ್‌ಬಾಲ್’ (1965), ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ (1969), ‘ಗೋಲ್ಡನ್‌ಐ’ (1995), ‘ಕೆಸಿನೋ ರಾಯಲ್’ (2006). ಇದೇ ಕ್ರಮದಲ್ಲಿ ನೋಡಿ. ಮೊದಲನೆಯದು ಇಬ್ಬರು ನಿರ್ಮಾಪಕರು ಕೈಜೋಡಿಸಿದ ಕಾಲದ್ದು, ಎರಡನೆಯದು ಕೋರ್ಟು ಕಟ್ಟೆ ಹತ್ತಿದ ಕಥೆ. ಮೂರನೆಯದು ಒಂದೇ ಚಿತ್ರಕ್ಕೆ ಬಾಂಡ್ ಪಾತ್ರವನ್ನು ಕೈಬಿಟ್ಟು ಹೋದ ನಟ ಜಾರ್ಜ್ ಲ್ಯಾಜೆನ್ಬಿಯದು. ನಾಲ್ಕನೆಯದು ಕಾನೂನು ತಕರಾರಿನಿಂದ ಆರು ವರ್ಷ ನಿಂತುಹೋಗಿದ್ದ ಸರಣಿ ಮತ್ತೆ ಎದ್ದು ನಿಂತದ್ದು, ಐದನೆಯದು ಹೊಸದಾಗಿ ಮೊದಲಿನಿಂದ ಶುರುಮಾಡಿದ್ದು.

ಒಂದು ವಿಷಯದಲ್ಲಿ ಎಚ್ಚರ ಬೇಕು. ನಿರ್ಮಾಪಕರ ಜಗಳ, ಬಾಂಡ್ ಕಾದಂಬರಿಗಳ ಲೇಖಕ ಫ್ಲೆಮಿಂಗ್ ಅವರ ಬೇಸರ ಇಂಥವನ್ನೆಲ್ಲ ರೈಲಿ ಬಾಂಡ್ ಚಿತ್ರಗಳ ತುಣುಕುಗಳನ್ನೇ ಜೋಡಿಸಿ ತೋರಿಸುತ್ತಾರೆ. ನೋಡಲು ಸೊಗಸು. ಆದರೆ ಮಾತು ಒಂದು ಇಸವಿಯದಾದರೆ ತುಣುಕು ಇನ್ನೊಂದು ಇಸವಿಯದು. ಮೇಲಿನ ಐದು ಚಿತ್ರಗಳ ಪರಿಚಯ ಇದ್ದವರಿಗೆ ಈ ಗೊಂದಲ ಆಗುವುದಿಲ್ಲ.

ಮೆಕ್‌ಕ್ಲೋರಿ ಪ್ರಕರಣ ಎರಡು ಸಲ ನೋಡಿದರೂ ತಲೆಗೆ ಹೋಗಲಿಲ್ಲ. ಬಿಡಿಸಿ ಹೇಳುವಿರಾ? (ಹುಬ್ಬಳ್ಳಿ)

ಬಾಂಡ್ ಚಿತ್ರದ ಹಕ್ಕಿಗಾಗಿ ನಿರ್ಮಾಪಕ ಕೆವಿನ್ ಮೆಕ್‌ಕ್ಲೋರಿ ನಡೆಸಿದ ಕಾನೂನು ಹೋರಾಟ ಇದು, ಇಡೀ ಸಾಕ್ಷ್ಯಚಿತ್ರದ ಬೆನ್ನೆಲುಬೇ ಇದು. ಬಾಂಡ್ ಹಕ್ಕುಗಳು ಒಂದೇ ಗಂಟಿನಲ್ಲಿ ಇರಲಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎರಡು ಎಳೆಗಳು ಆರಂಭದಲ್ಲೇ ಹೊರಗೆ ಹೋಗಿದ್ದವು.

ಮೊದಲ ಎಳೆ ‘ಕೆಸಿನೋ ರಾಯಲ್’. ಇಯಾನ್ ಫ್ಲೆಮಿಂಗ್ 1953ರಲ್ಲಿ ಪ್ರಕಟಿಸಿದ ಮೊದಲ ಬಾಂಡ್ ಕಾದಂಬರಿ ಇದು. 1955ರಲ್ಲೇ ಇದರ ಚಿತ್ರದ ಹಕ್ಕನ್ನು ಅವರು ನಟ-ನಿರ್ದೇಶಕ ಗ್ರೆಗರಿ ರಾಟಾಫ್‌ಗೆ ಮಾರಿಬಿಟ್ಟರು. ರಾಟಾಫ್ ತೀರಿಕೊಂಡ ಮೇಲೆ ಅದು ನಿರ್ಮಾಪಕ ಚಾರ್ಲ್ಸ್ ಫೆಲ್ಡ್‌ಮನ್ ಕೈಗೆ ಬಂತು, 1967ರಲ್ಲಿ ಕೊಲಂಬಿಯಾ ಸಂಸ್ಥೆಯ ಮೂಲಕ ಒಂದು ಅಣಕು ಚಿತ್ರವೂ ಆಯಿತು. ಹೀಗಾಗಿ 1961ರಲ್ಲಿ ನಿರ್ಮಾಪಕ ಹ್ಯಾರಿ ಸಾಲ್ಟ್ಸ್‌ಮನ್ ಉಳಿದ ಕಾದಂಬರಿಗಳಿಗೆ ಮುಂಗಡ ಒಪ್ಪಂದ ಮಾಡಿಕೊಂಡಾಗ ಈ ಪುಸ್ತಕ ಅದರಲ್ಲಿ ಸೇರಲಿಲ್ಲ. ಆ ಒಪ್ಪಂದದ ಅವಧಿ ಮುಗಿಯಲು ಕೆಲವೇ ವಾರ ಉಳಿದಿದ್ದಾಗ ಲೇಖಕ ವುಲ್ಫ್ ಮ್ಯಾಂಕೊವಿಟ್ಜ್ ಮೂಲಕ ಇನ್ನೊಬ್ಬ ನಿರ್ಮಾಪಕ ಆಲ್ಬರ್ಟ್ ಬ್ರಾಕೊಲಿ ಜೊತೆಯಾದರು. ಸಾಲ್ಟ್ಸ್‌ಮನ್, ಬ್ರಾಕೊಲಿ ಇಬ್ಬರೂ ಸೇರಿ ಹುಟ್ಟುಹಾಕಿದ್ದು ಬಾಂಡ್ ಸರಣಿಯ ನಿರ್ಮಾಣ ಸಂಸ್ಥೆ ಈಯಾನ್ ಪ್ರೊಡಕ್ಷನ್ಸ್.

ಎರಡನೆಯ ಎಳೆಯೇ ಕೆವಿನ್ ಮೆಕ್‌ಕ್ಲೋರಿಯದು. ಬಾಂಡ್‌ನನ್ನು ತೆರೆಗೆ ತರಲು 1959ರ ಸುಮಾರಿಗೆ ಫ್ಲೆಮಿಂಗ್, ಮೆಕ್‌ಕ್ಲೋರಿ ಮತ್ತು ಜ್ಯಾಕ್ ವಿಟಿಂಗ್‌ಹ್ಯಾಮ್ ಸೇರಿ ಒಂದು ಚಿತ್ರಕಥೆ ಕಟ್ಟಿದರು. ಚಿತ್ರ ಆಗಲಿಲ್ಲ. ಆ ಕಥೆಯನ್ನೇ ಫ್ಲೆಮಿಂಗ್ 1961ರಲ್ಲಿ ‘ಥಂಡರ್‌ಬಾಲ್’ ಎಂಬ ಕಾದಂಬರಿಯಾಗಿ ತಮ್ಮೊಬ್ಬರ ಹೆಸರಿನಲ್ಲೇ ಹೊರತಂದರು. ಮಿಕ್ಕವರು ದಾವೆ ಹೂಡಿದರು. ಲಂಡನ್ನಿನಲ್ಲಿ 1963ರ ನವೆಂಬರಿನಲ್ಲಿ ವಿಚಾರಣೆ ಶುರುವಾಗಿ, ನಡುವೆಯೇ ರಾಜಿಯಲ್ಲಿ ಮುಗಿಯಿತು. ಪುಸ್ತಕ ಫ್ಲೆಮಿಂಗ್‌ಗೆ ಉಳಿಯಿತು, ಆದರೆ ಮುಂದಿನ ಮುದ್ರಣಗಳಲ್ಲಿ ಮೂವರ ಹೆಸರೂ ಬರಬೇಕಾಯಿತು. ಚಿತ್ರದ ಹಕ್ಕು ಮೆಕ್‌ಕ್ಲೋರಿಗೆ ಹೋಯಿತು. ಮೊದಲೇ ಹೃದಯದ ಕಾಯಿಲೆಯಿದ್ದ ಫ್ಲೆಮಿಂಗ್ 1964ರ ಆಗಸ್ಟ್ 12ರಂದು ತೀರಿಕೊಂಡರು.

ಪ್ರತಿಸ್ಪರ್ಧಿ ಚಿತ್ರ ಬಾರದಿರಲೆಂದು ಈಯಾನ್‌ನವರು ಮೆಕ್‌ಕ್ಲೋರಿಯನ್ನೇ ಒಳಗೆ ಕರೆದುಕೊಂಡರು. 1965ರ ‘ಥಂಡರ್‌ಬಾಲ್’ ಚಿತ್ರದಲ್ಲಿ ನಿರ್ಮಾಪಕ ಎಂದು ಇರುವುದು ಅವರ ಹೆಸರೇ. ಹತ್ತು ವರ್ಷ ಇದೇ ಕಥೆಯನ್ನು ಮತ್ತೆ ಮಾಡಬಾರದು ಎಂಬ ಕರಾರು ಇತ್ತು. ಕರಾರು ಮುಗಿದ ಮೇಲೆ ಅವರು ಮತ್ತೆ ಎದ್ದರು. ಫಲವಾಗಿ 1983ರಲ್ಲಿ, ‘ಡಾಕ್ಟರ್ ನೋ’ದ ಬಾಂಡ್ ಶಾನ್ ಕಾನರಿ ನಟಿಸಿದ ‘ನೆವರ್ ಸೇ ನೆವರ್ ಅಗೇನ್’ ಈಯಾನ್ ಸರಣಿಯ ಹೊರಗೆ ಬಂತು. ಅದೇ ವರ್ಷ ರೋಜರ್ ಮೂರ್ ಅವರ ‘ಆಕ್ಟೋಪುಸಿ’ ಬಂದಿತ್ತು. ಉದಯಪುರದ ಲೇಕ್ ಪ್ಯಾಲೇಸಿನಲ್ಲಿ ಚಿತ್ರೀಕರಿಸಿದ, ಕಬೀರ್ ಬೇಡಿ ಮತ್ತು ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ನಟಿಸಿದ ಚಿತ್ರ ಅದು.

ಈ ತಕರಾರಿನ ಗುರುತು ಚಿತ್ರಗಳ ಮೇಲೇ ಇದೆ. ‘ಫಾರ್ ಯುವರ್ ಐಸ್ ಓನ್ಲಿ’ (1981) ಶುರುವಾಗುವಾಗ ಗಾಲಿಕುರ್ಚಿಯ ಮೇಲೆ ಬಿಳಿ ಬೆಕ್ಕು ಹಿಡಿದ ಬೋಳುತಲೆಯವನನ್ನು ಬಾಂಡ್ ಹೊಗೆಕೊಳವೆಯೊಳಕ್ಕೆ ಹಾಕುತ್ತಾನೆ. ಅವನು ಬಾಂಡ್‌ನ ಹಳೆಯ ವೈರಿ ಬ್ಲೋಫೆಲ್ಡ್ ಎಂದು ಎಲ್ಲರಿಗೂ ಗೊತ್ತು, ಆದರೆ ಚಿತ್ರದಲ್ಲಿ ಎಲ್ಲಿಯೂ ಹೆಸರಿಲ್ಲ. ‘ಥಂಡರ್‌ಬಾಲ್’ ಕಥೆಯದೆಂದು ಆ ಹೆಸರಿನ ಮೇಲೆ ಮೆಕ್‌ಕ್ಲೋರಿ ಹಕ್ಕು ಹೇಳುತ್ತಿದ್ದರು.

ಆಮೇಲೆ 1997ರಲ್ಲಿ ಸೋನಿ ಸಂಸ್ಥೆ ಮೆಕ್‌ಕ್ಲೋರಿ ಜೊತೆ ಸೇರಿ ತನ್ನದೇ ಬಾಂಡ್ ಚಿತ್ರಗಳನ್ನು ಮಾಡುವುದಾಗಿ ಘೋಷಿಸಿತು. ಈಯಾನ್‌ನ ಪಾಲುದಾರ ಚಿತ್ರಸಂಸ್ಥೆ ಎಂಜಿಎಂ ಕೋರ್ಟಿಗೆ ಹೋಯಿತು. 1999ರ ರಾಜಿಯಲ್ಲಿ ಸೋನಿ ಹಿಂದೆ ಸರಿದು, ಕೊಲಂಬಿಯಾದಿಂದ ತನಗೆ ಬಂದಿದ್ದ ‘ಕೆಸಿನೋ ರಾಯಲ್’ ಹಕ್ಕನ್ನೂ ಎಂಜಿಎಂಗೆ ಬಿಟ್ಟುಕೊಟ್ಟಿತು. ಡೇನಿಯಲ್ ಕ್ರೇಗ್ ಅವರ 2006ರ ಚಿತ್ರ ಸಾಧ್ಯವಾದದ್ದು ಇದರಿಂದಲೇ. ಎರಡು ಎಳೆಗಳೂ ಸಂಧಿಸುವ ಜಾಗ ಇದು, ಇಲ್ಲಿಗೆ ಬಂದಾಗ ಚಿತ್ರವನ್ನು ಒಂದು ಕ್ಷಣ ನಿಲ್ಲಿಸಿ ಯೋಚಿಸಿ. ಕೊನೆಯ ಗಂಟು ಸಾಕ್ಷ್ಯಚಿತ್ರದಲ್ಲಿ ಇರಲು ಸಾಧ್ಯವಿಲ್ಲ: ಮೆಕ್‌ಕ್ಲೋರಿ ವಾರಸುದಾರರಿಂದ ಎಲ್ಲ ಹಕ್ಕನ್ನೂ ಎಂಜಿಎಂ ಮತ್ತು ಈಯಾನ್‌ನ ಮಾತೃಸಂಸ್ಥೆ ಡ್ಯಾಂಜ್ಯಾಕ್ ಕೊಂಡದ್ದು 2013ರ ನವೆಂಬರಿನಲ್ಲಿ. ಬ್ಲೋಫೆಲ್ಡ್ ತನ್ನ ಹೆಸರಿನೊಂದಿಗೇ 2015ರ ‘ಸ್ಪೆಕ್ಟರ್’ನಲ್ಲಿ ವಾಪಸಾದ.

ಕಾನರಿ ಏಕೆ ಸಂದರ್ಶನ ಕೊಟ್ಟಿಲ್ಲ? (ಮಂಗಳೂರು)

ಅವರು ಭಾಗವಹಿಸಲಿಲ್ಲ. ತೆರೆಯ ಮೇಲೆ ಕಾಣುವ ಅವರ ಮಾತೆಲ್ಲ ಹಳೆಯ ದಾಖಲೆಗಳಿಂದ ತೆಗೆದದ್ದು. ಬಾಂಡ್ ಆಗಿ ನಟಿಸಿದ ಮಿಕ್ಕವರಾದ ಲ್ಯಾಜೆನ್ಬಿ, ಮೂರ್, ಡಾಲ್ಟನ್, ಬ್ರಾಸ್ನನ್, ಕ್ರೇಗ್ ಐವರೂ ಹೊಸದಾಗಿ ಕೂತು ಮಾತಾಡಿದ್ದಾರೆ. ಇವರಲ್ಲಿ ಲ್ಯಾಜೆನ್ಬಿಯ ಭಾಗವೇ ನಮಗೆ ಎಲ್ಲಕ್ಕಿಂತ ಹಿಡಿಸಿತು. ನಟನೆಯ ಅನುಭವವೇ ಇಲ್ಲದ ಆಸ್ಟ್ರೇಲಿಯಾದ ಮಾಡೆಲ್ ಒಬ್ಬ ಪಾತ್ರವನ್ನು ಗಿಟ್ಟಿಸಿಕೊಂಡದ್ದು, ಮುಂದಿನ ಚಿತ್ರಗಳ ಕರಾರನ್ನು ಬೇಡವೆಂದದ್ದು, ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಇದು ಈಯಾನ್‌ನವರ ಸಹಕಾರದಿಂದಲೇ ಆದ ಚಿತ್ರ. ಹಾಗಿದ್ದರೆ ಇದು ಬರಿಯ ಜಾಹೀರಾತು ಅಲ್ಲವೆ? (ದುಬೈನಿಂದ ಕನ್ನಡಿಗರೊಬ್ಬರು)

ಪೂರ್ತಿ ಒಪ್ಪಲಾರೆವು. ಜಾಹೀರಾತಾಗಿದ್ದರೆ ಸಾಲ್ಟ್ಸ್‌ಮನ್ ಮತ್ತು ಬ್ರಾಕೊಲಿಯ ಮನಸ್ತಾಪ, ಸಾಲದ ಒತ್ತಡದಲ್ಲಿ ಸಾಲ್ಟ್ಸ್‌ಮನ್ ತಮ್ಮ ಅರ್ಧ ಪಾಲನ್ನು 1975ರಲ್ಲಿ ವಿತರಣಾ ಸಂಸ್ಥೆ ಯುನೈಟೆಡ್ ಆರ್ಟಿಸ್ಟ್ಸ್‌ಗೆ ಮಾರಿದ್ದು ಇಂಥವನ್ನು ಮುಟ್ಟುತ್ತಲೇ ಇರಲಿಲ್ಲ. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಮೆಕ್‌ಕ್ಲೋರಿ 2006ರಲ್ಲೇ ತೀರಿಕೊಂಡಿದ್ದರು, ತಮ್ಮ ಪರ ಮಾತಾಡಲು ಇರಲಿಲ್ಲ. ಬ್ರಾಕೊಲಿಯ ಮಗಳು ಬಾರ್ಬರಾ ಮತ್ತು ಮಲಮಗ ಮೈಕಲ್ ವಿಲ್ಸನ್ ಇದ್ದರು. ಮನೆತನದ ದೃಷ್ಟಿಯಿಂದ ಹೇಳಿದ ಕಥೆ ಎಂದು ತಿಳಿದು ನೋಡಿದರೆ ನಷ್ಟವಿಲ್ಲ. ಕ್ರೇಗ್ ಭಾಗಕ್ಕೆ ಬರುವ ಹೊತ್ತಿಗೆ ಮಾತ್ರ ಚಿತ್ರ ಅವಸರ ಮಾಡಿ, ಹೊಗಳಿಕೆಯೇ ಹೆಚ್ಚಾಗುತ್ತದೆ.

ಮನೆತನದ ಕಥೆಗೆ ಈಗ ಇನ್ನೊಂದು ಅಧ್ಯಾಯ ಸೇರಿದೆ: 2022ರಲ್ಲಿ ಅಮೆಜಾನ್ ಎಂಜಿಎಂ ಸಂಸ್ಥೆಯನ್ನು ಕೊಂಡಿತು, 2025ರ ಫೆಬ್ರವರಿಯಲ್ಲಿ ಸರಣಿಯ ಸೃಜನಶೀಲ ಹಿಡಿತವೂ ಬಾರ್ಬರಾ ಮತ್ತು ವಿಲ್ಸನ್ ಕೈಯಿಂದ ಅಮೆಜಾನ್‌ಗೆ ಹೋಯಿತು.

ಪಿಸ್ತೂಲಿನ ನಳಿಗೆಯೊಳಗಿಂದ ಬಾಂಡ್ ಕಾಣುವ ಆ ಆರಂಭದ ದೃಶ್ಯವನ್ನು ಹೇಗೆ ತೆಗೆದರು? (ದಾವಣಗೆರೆ)

ಇದನ್ನು ರೂಪಿಸಿದವರು ಶೀರ್ಷಿಕೆ ವಿನ್ಯಾಸಕ ಮಾರಿಸ್ ಬೈಂಡರ್. ನಿಜವಾದ ಪಿಸ್ತೂಲಿನ ನಳಿಗೆಯೊಳಗಿಂದಲೇ ಚಿತ್ರೀಕರಿಸಿದರು. ಸಾಮಾನ್ಯ ಲೆನ್ಸ್ ಹಾಕಿದರೆ ನಳಿಗೆಯ ಒಳಗಿನ ಸುರುಳಿ ಗೀರು ಸ್ಪಷ್ಟವಾದಾಗ ಆಚೆ ತುದಿ ಮಸುಕು, ಆಚೆ ತುದಿ ಸ್ಪಷ್ಟವಾದಾಗ ಗೀರು ಮಸುಕು. ಅದಕ್ಕೇ ಸೂಜಿರಂಧ್ರದ ಕ್ಯಾಮೆರಾ ಬಳಸಿದರು. ರಂಧ್ರ ಅಷ್ಟು ಸಣ್ಣದಿದ್ದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ನಿಲುಕುತ್ತದೆ.

ಮೊದಲ ಮೂರು ಚಿತ್ರಗಳಲ್ಲಿ ನಡೆದು ಬಂದು ಗುಂಡು ಹಾರಿಸುವವರು ಕಾನರಿ ಅಲ್ಲ, ಸಾಹಸ ಕಲಾವಿದ ಬಾಬ್ ಸಿಮನ್ಸ್. ‘ಥಂಡರ್‌ಬಾಲ್’ ಅಗಲ ತೆರೆಯ ಪ್ಯಾನಾವಿಷನ್‌ನಲ್ಲಿ ಬಂದದ್ದರಿಂದ ಹಳೆಯ ತುಣುಕು ಹೊಂದಲಿಲ್ಲ, ಆಗ ಕಾನರಿಯನ್ನೇ ನಿಲ್ಲಿಸಿ ಹೊಸದಾಗಿ ತೆಗೆದರು. ಮೂರ್ ಕಾಲದಲ್ಲೂ ಇದೇ ಆಯಿತು. 1973 ಮತ್ತು 1974ರ ಚಿತ್ರಗಳು ಕಿರಿದಾದ ತೆರೆಗೆ ತೆಗೆದವು, 1977ರ ‘ದ ಸ್ಪೈ ಹೂ ಲವ್ಡ್ ಮಿ’ ಅಗಲ ತೆರೆಗೆ. ಹಾಗಾಗಿ ಅವರದೇ ಎರಡು ಬೇರೆ ಬೇರೆ ತುಣುಕುಗಳಿವೆ. ಮನೆಯಲ್ಲಿ ನೋಡುವಾಗ ಟೀವಿಯ ಜೂಮ್ ಆಯ್ಕೆಯನ್ನು ತೆಗೆದುಹಾಕಿ, ಇಲ್ಲದಿದ್ದರೆ ತೆರೆಯ ಅಳತೆ ಬದಲಾಗುವ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಬಾಂಡ್ ಸಂಗೀತದ ಮೂಲ ಭಾರತೀಯ ಎಂದು ಕೇಳಿದ್ದೇವೆ. ನಿಜವೆ? (ಧಾರವಾಡ)

ದೂರದ ನಂಟು ನಿಜ. ಸಂಯೋಜಕ ಮಾಂಟಿ ನಾರ್ಮನ್, ಟ್ರಿನಿಡಾಡಿನ ಭಾರತೀಯ ಮೂಲದವರ ಕಥೆಯಾದ ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಆಧರಿಸಿದ ಸಂಗೀತ ನಾಟಕಕ್ಕೆಂದು ‘ಬ್ಯಾಡ್ ಸೈನ್, ಗುಡ್ ಸೈನ್’ ಹಾಡು ಕಟ್ಟಿದ್ದರು. ಸಿತಾರಿನ ಛಾಯೆಯಿದ್ದ ಆ ರಾಗವನ್ನೇ ಒಡೆದು, ಬಿಡಿ ಸ್ವರಗಳನ್ನು ಗಿಟಾರಿಗೆ ಒಗ್ಗಿಸಿದರು. ವಾದ್ಯವೃಂದಕ್ಕೆ ಅಳವಡಿಸಿದವರು ಜಾನ್ ಬ್ಯಾರಿ, ಗಿಟಾರ್ ನುಡಿಸಿದವರು ವಿಕ್ ಫ್ಲಿಕ್. ಸ್ವರ ಯಾರದು ಎಂಬ ವಾದ ಬಹುಕಾಲ ನಡೆಯಿತು. ಇದು ಬ್ಯಾರಿಯ ರಚನೆ ಎಂದು ಬರೆದ ಪತ್ರಿಕೆಯ ಮೇಲೆ ನಾರ್ಮನ್ ಮಾನನಷ್ಟ ಮೊಕದ್ದಮೆ ಹೂಡಿ 2001ರಲ್ಲಿ 30,000 ಪೌಂಡ್ ಗೆದ್ದರು. ಸಂಗೀತವೊಂದನ್ನೇ ಹಿಡಿದು ಹೊರಡುವವರು 2022ರ ‘ದ ಸೌಂಡ್ ಆಫ್ 007’ ಸಾಕ್ಷ್ಯಚಿತ್ರ ನೋಡಲಿ.

ಸಾಹಸ ದೃಶ್ಯಗಳ ಲೆಕ್ಕಾಚಾರದ ಬಗ್ಗೆ ಸಾಕ್ಷ್ಯಚಿತ್ರ ಹೆಚ್ಚು ಹೇಳುವುದಿಲ್ಲ. ಒಂದೆರಡು ಉದಾಹರಣೆ? (ಬೆಳಗಾವಿ)

1974ರ ‘ದ ಮ್ಯಾನ್ ವಿತ್ ದ ಗೋಲ್ಡನ್ ಗನ್’ನಲ್ಲಿ ಕಾರು ಮುರಿದ ಸೇತುವೆಯಿಂದ ಹಾರಿ, ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ಹೊರಳಿ ಆಚೆ ದಡದಲ್ಲಿ ಇಳಿಯುತ್ತದೆ. ಕಾರಿನ ತೂಕ, ವೇಗ, ಇಳಿಜಾರಿನ ತಿರುವು ಎಲ್ಲವನ್ನೂ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕಹಾಕಿದ್ದರು. ತೂಕ ಒಂದು ಬದಿಗೆ ವಾಲಿದರೆ ಸುತ್ತು ಕೆಡುತ್ತದೆ, ಅದಕ್ಕೇ ಸ್ಟಿಯರಿಂಗನ್ನೂ ಚಾಲಕನನ್ನೂ ಕಾರಿನ ನಡುವಿಗೆ ತಂದರು. ಒಂದೇ ಟೇಕಿನಲ್ಲಿ ಮುಗಿಯಿತು.

2006ರ ‘ಕೆಸಿನೋ ರಾಯಲ್’ನಲ್ಲಿ ತೊಂದರೆ ತದ್ವಿರುದ್ಧ. ಆಸ್ಟನ್ ಮಾರ್ಟಿನ್ ಕಾರಿನ ಭಾರಕೇಂದ್ರ ನೆಲಕ್ಕೆ ಎಷ್ಟು ಹತ್ತಿರವೆಂದರೆ ಇಳಿಜಾರು ಹತ್ತಿಸಿದರೂ ಅದು ಮಗುಚಲೇ ಇಲ್ಲ. ಕೊನೆಗೆ ಒತ್ತಡದ ಅನಿಲದಿಂದ ಲೋಹದ ದಂಡವೊಂದನ್ನು ನೆಲಕ್ಕೆ ಗುದ್ದುವ ಯಂತ್ರವನ್ನು ಕಾರಿನೊಳಗೇ ಕೂರಿಸಿದರು. ಕಾರು ಏಳು ಸುತ್ತು ಉರುಳಿ ಗಿನ್ನೆಸ್ ದಾಖಲೆಯಾಯಿತು.

ನಮ್ಮ ಸಿಐಡಿ 999 ಬಗ್ಗೆ ಇಂಥದೊಂದು ಸಾಕ್ಷ್ಯಚಿತ್ರ ಮಾಡಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು? (ತುಮಕೂರು)

ಬಹಳ ಒಳ್ಳೆಯ ಯೋಚನೆ, ಖಂಡಿತ ಕೈಬಿಡಬೇಡಿ. ದೊರೆ-ಭಗವಾನ್ ನಿರ್ದೇಶಿಸಿ ರಾಜ್‌ಕುಮಾರ್ ನಟಿಸಿದ ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿಐಡಿ 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978), ಈ ನಾಲ್ಕೂ ಬಾಂಡ್ ಮಾದರಿಯನ್ನು ಕನ್ನಡದ ಮಣ್ಣಿಗೆ ಒಗ್ಗಿಸಿದ ಚಿತ್ರಗಳು.

ಮೊದಲ ಕೆಲಸ ಸಂದರ್ಶನ, ಬರವಣಿಗೆ ಆಮೇಲೆ. ರಾಜ್‌ಕುಮಾರ್ 2006ರಲ್ಲಿ, ಭಗವಾನ್ 2023ರಲ್ಲಿ ತೀರಿಕೊಂಡರು. ಆ ಕಾಲದ ತಂತ್ರಜ್ಞರು ಯಾರು ಉಳಿದಿದ್ದಾರೋ ಅವರ ಮಾತನ್ನು ಈ ವರ್ಷವೇ ಧ್ವನಿಮುದ್ರಿಸಿ. ಎರಡನೆಯದು ಹಕ್ಕು. ನಮ್ಮ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅಂದರೆ 1968ರ ಎರಡು ಚಿತ್ರಗಳದು 2028ರ ಕೊನೆಯವರೆಗೆ, 1978ರದು 2038ರ ಕೊನೆಯವರೆಗೆ. ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬೇರೆಯೇ. ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆದ್ದರಿಂದ ನಿರ್ಮಾಪಕರ ವಾರಸುದಾರರಿಂದ ಚಿತ್ರಕ್ಕೊಂದು, ಧ್ವನಿಮುದ್ರಿಕೆ ಕಂಪನಿಯಿಂದ ಹಾಡಿಗೊಂದು, ಹೀಗೆ ಎರಡು ಒಪ್ಪಿಗೆ ಪತ್ರಗಳನ್ನು ಬರಹದಲ್ಲೇ ಪಡೆಯಿರಿ. ಎಷ್ಟು ನಿಮಿಷದ ತುಣುಕು, ಯಾವ ಮಾಧ್ಯಮದಲ್ಲಿ, ಎಷ್ಟು ವರ್ಷಕ್ಕೆ ಎಂಬುದು ಅದರಲ್ಲಿ ಇರಲೇಬೇಕು. ಬಾಯಿಮಾತನ್ನು ನಂಬಿ ಸಂಕಲನ ಮುಗಿಸಿ, ಆಮೇಲೆ ತುಣುಕು ಕಿತ್ತುಹಾಕಬೇಕಾಗಿ ಬಂದರೆ ಚಿತ್ರದ ಲಯವೇ ಹಾಳಾಗುತ್ತದೆ. ಹಳೆಯ ಪೋಸ್ಟರ್, ಟಾಕೀಸುಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನೂ ಬಿಡಬೇಡಿ. ಪಾತ್ರವರ್ಗ, ತಂತ್ರಜ್ಞರ ಹೆಸರು ತಾಳೆ ನೋಡಲು ಅವೇ ಆಧಾರ. ಪ್ರತಿಗಳ ವಿಚಾರಕ್ಕೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಪತ್ರ ಬರೆಯಿರಿ.

ಕಾಲೇಜಿನ ಚಿತ್ರಸಂಘದಲ್ಲಿ ಬಾಂಡ್ ಸಾಕ್ಷ್ಯಚಿತ್ರ ತೋರಿಸಬಹುದೆ? (ಶಿವಮೊಗ್ಗ)

ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಪ್ರೇಕ್ಷಕರಾಗಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿನಾಯಿತಿ ಕೊಡುತ್ತದೆ. ಊರಿನವರನ್ನು ಕರೆದರೆ, ಟಿಕೆಟ್ ಇಟ್ಟರೆ ಅದು ಅನ್ವಯಿಸುವುದಿಲ್ಲ. ಓಟಿಟಿ ಖಾತೆಯ ಷರತ್ತುಗಳು ಸಾಮಾನ್ಯವಾಗಿ ಸ್ವಂತ ವೀಕ್ಷಣೆಗೆ ಮಾತ್ರ ಅವಕಾಶ ಕೊಡುತ್ತವೆ, ಆದ್ದರಿಂದ ಸಂಸ್ಥೆಯ ಹೆಸರಿನಲ್ಲಿ ಕೊಂಡ ಡಿಸ್ಕ್ ಬಳಸುವುದು ಕ್ಷೇಮ.